ಟೌನ್ ಹಾಲಿನ ಕಂಬಗಳು



ಮುಂಬಯಿಯ ಕೋಟೆ ವಿಭಾಗದ ಬ್ಯಾಂಕುಗಳಲ್ಲಿ ಲೆಕ್ಕ ಬರೆಯುವ ನಾವು ಹಾರ್ನಿಮನ್ ವೃತ್ತದ ಟೌನ್ ಹಾಲನ್ನು ದಿನವೂ ಕಾಣುತ್ತೇವೆ. ಅದರ 30 ಮೆಟ್ಟಿಲುಗಳನ್ನು ಹತ್ತಿ ಒಳಹೊಕ್ಕವರು ನಮ್ಮಲ್ಲಿ ಎಷ್ಟು ಮಂದಿಯೋ!

ಕರ್ನಲ್ ಥಾಮಸ್ ಕೌಪರನ ನಕ್ಷೆಯ ಈ ಕಟ್ಟಡ 1833ರಲ್ಲಿ ಮುಗಿಯಿತು. ಮುಂಭಾಗದ 8 ಡೋರಿಕ್ ಕಂಬಗಳು ಗ್ರೀಕ್ ದೇಗುಲದ ಮಾದರಿಯವು. ನಮ್ಮ ಬೇಲೂರಿನ ಕಂಬಗಳ ಕುಸುರಿ ಇಲ್ಲಿಲ್ಲ. ಮೈಯುದ್ದಕ್ಕೂ ತೋಡುಗೆರೆ, ತಲೆಯ ಮೇಲೊಂದು ಬೋಳು ಬೋದಿಗೆ, ಅಷ್ಟೆ. ಗಾಂಭೀರ್ಯವೆಲ್ಲ ಅಳತೆಯಲ್ಲಿದೆ. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿಳಿದ ಕಂಬಗಳು ತೀರ ದೊಡ್ಡವೆನಿಸಿ, ಕೆಲವನ್ನು ಭಾಯಖಳದ ಇಗರ್ಜಿಗೆ ಕೊಟ್ಟರಂತೆ!

ಗುಮಾಸ್ತರಾದ ನಮಗೆ ಇದರ ಜಮಾಖರ್ಚೂ ರುಚಿಸುತ್ತದೆ. ಮೊದಲು ಲಾಟರಿಯಿಂದ ಹಣ ಕೂಡಿಸಿದರು. ಅದು ಸಾಲದಾದಾಗ ಸರಕಾರ ಕೊರತೆ ತುಂಬಿತು. ಪ್ರತಿಯಾಗಿ ತನ್ನ ಕಚೇರಿಗಳಿಗೆ ಜಾಗ ಪಡೆಯಿತು. ಹಾಗಿದ್ದೂ ಸಭಾಂಗಣ ಉಳಿಯಿತು, ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯಕ್ಕೂ ನೆಲೆ ದೊರೆಯಿತು.

ನಮ್ಮ ಸಂಘದ ಭವನನಿಧಿಯೂ ಕುಂಟುತ್ತಿದೆ. ಕೆಳ ಅಂತಸ್ತನ್ನು ಬಾಡಿಗೆಗೆ ಕೊಡುವ ಸೂಚನೆಗೆ ನಮ್ಮ ವಿರೋಧವಿಲ್ಲ. ಆದರೆ ಬಾಡಿಗೆಯ ಆಸೆಗೆ ಮೇಲಿನ ಸಭಾಂಗಣದ ಒಂದಡಿಯನ್ನೂ ಕತ್ತರಿಸಬಾರದೆಂದು ಕಾರ್ಯಕಾರಿ ಮಂಡಳಿಗೆ ಬಿನ್ನವಿಸುತ್ತೇವೆ.