ಊರ ಕಟ್ಟೆಯೋ, ಮನೆಯ ಜಗಲಿಯೋ?

(ವಾಕ್ ಸ್ವಾತಂತ್ರ್ಯ ಮತ್ತು ಖಾಸಗಿ ಜಾಲತಾಣಗಳನ್ನು ಕುರಿತ ಉಪನ್ಯಾಸದ ಬರಹ ರೂಪ)



ಹಳ್ಳಿಯಲ್ಲಿ ನಾಲ್ಕು ಜನ ಸೇರಿ ಮಾತನಾಡಲು ಎರಡು ಜಾಗಗಳುಂಟು. ಒಂದು ಊರ ಮುಂದಿನ ಅರಳಿಕಟ್ಟೆ, ಇನ್ನೊಂದು ಮನೆಯ ಮುಂದಿನ ಜಗಲಿ. ಕಟ್ಟೆ ಯಾರೊಬ್ಬರ ಸ್ವತ್ತೂ ಅಲ್ಲ, ಊರಿನದು. ಅದರ ಮೇಲೆ ಎಲ್ಲ ಜಾತಿಯವರೂ ಸಮನಾಗಿ ಕೂರಲು ಆಗುತ್ತಿರಲಿಲ್ಲ ಎಂಬುದು ಕಹಿಯಾದ ಮಾತು. ಆದರೂ ‘ಇದು ನನ್ನ ಆಸ್ತಿ, ಏಳು’ ಎಂದು ಹೇಳಬಲ್ಲ ಒಡೆಯ ಅದಕ್ಕಿಲ್ಲ. ಜಗಲಿ ಹಾಗಲ್ಲ. ದಾರಿಹೋಕನೂ ಅಲ್ಲಿ ಕೂರಬಹುದು, ಬಾಯಾರಿದರೆ ಮಜ್ಜಿಗೆಯೂ ಸಿಕ್ಕೀತು. ಆದರೆ ಆಡಿದ ಮಾತು ಯಜಮಾನನಿಗೆ ಹಿಡಿಸದಿದ್ದರೆ ‘ಸಾಕು, ಎದ್ದು ನಡಿ’ ಎನ್ನುವ ಹಕ್ಕು ಅವನಿಗುಂಟು.

ಫೇಸ್‌ಬುಕ್, ಯೂಟ್ಯೂಬ್, ಮೊದಲು ಟ್ವಿಟರ್ ಎಂದು ಕರೆಸಿಕೊಳ್ಳುತ್ತಿದ್ದ ಎಕ್ಸ್ ಮುಂತಾದ ತಾಣಗಳು ಊರ ಕಟ್ಟೆಯೋ, ಮನೆಯ ಜಗಲಿಯೋ? ಕೋಟಿಗಟ್ಟಲೆ ಜನ ಮಾತನಾಡುವ ಇಂಥ ಜಾಗದಿಂದ ಒಬ್ಬನ ಬರಹವನ್ನು ಕಂಪನಿ ಅಳಿಸಿಹಾಕಿದರೆ ಅದು ವಾಕ್ ಸ್ವಾತಂತ್ರ್ಯದ ಹರಣವೋ, ಮನೆಯೊಡೆಯನ ಇಷ್ಟವೋ? ಅಮೆರಿಕದಿಂದ ಬೆಂಗಳೂರಿನವರೆಗೆ ನ್ಯಾಯಾಲಯಗಳು ತಡಕಾಡುತ್ತಿರುವುದು ಈ ಪ್ರಶ್ನೆಗೆ ಉತ್ತರಕ್ಕಾಗಿಯೇ.

ನಿರ್ಬಂಧ ಯಾರ ಮೇಲೆ?

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ವಾಕ್ ಸ್ವಾತಂತ್ರ್ಯವೆಂದರೆ ಎಲ್ಲಿ ಬೇಕಾದರೂ, ಯಾರ ಅಂಗಳದಲ್ಲಿ ಬೇಕಾದರೂ ಮಾತನಾಡುವ ಹಕ್ಕಲ್ಲ. 1791ರಲ್ಲಿ ಅಂಗೀಕಾರವಾದ ಅಮೆರಿಕ ಸಂವಿಧಾನದ ಮೊದಲನೆಯ ತಿದ್ದುಪಡಿಯು ಮಾತಿನ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಕಾನೂನನ್ನು ಅಲ್ಲಿನ ಕಾಂಗ್ರೆಸ್ಸು ಮಾಡಬಾರದೆನ್ನುತ್ತದೆ. ನಿರ್ಬಂಧ ಇರುವುದು ಸರ್ಕಾರದ ಮೇಲೆ. ಭಾರತದ ಸಂವಿಧಾನದ 19ನೇ ವಿಧಿ ನಾಗರಿಕರಿಗೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕೊಟ್ಟಿದೆ. ಅದನ್ನೂ ಮುಖ್ಯವಾಗಿ ಕೇಳಬೇಕಾದುದು ಪ್ರಭುತ್ವದ ಎದುರು. ಪ್ರಭುತ್ವವೆಂದರೆ ಯಾವುದೆಂಬುದನ್ನು 12ನೇ ವಿಧಿ ವಿವರಿಸುತ್ತದೆ.

ಎರಡೂ ಸಂವಿಧಾನಗಳನ್ನು ಬರೆದವರು ಕಂಡಿದ್ದುದು ದೊರೆಯ ಕೈಯನ್ನು, ಪೊಲೀಸರ ಲಾಠಿಯನ್ನು. ಮಾತನಾಡುವ ವೇದಿಕೆಯೇ ಒಂದು ಕಂಪನಿಯ ಸ್ವತ್ತಾಗುವ ಕಾಲವನ್ನು ಅವರು ಊಹಿಸಿರಲಿಲ್ಲ. ಹೀಗಾಗಿ ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯ ಸ್ಥಿತಿ ಉಂಟಾಗಿದೆ. ವರ ಕೊಟ್ಟದ್ದು ಸಂವಿಧಾನ, ಬಾಗಿಲಲ್ಲಿ ನಿಂತಿರುವುದು ಕಂಪನಿ.

ಕಂಪನಿ ಕೊಂಡ ಊರು

ಖಾಸಗಿ ಒಡೆಯ ಇಡೀ ಊರನ್ನೇ ಕೊಂಡಿದ್ದರೆ? ಈ ಪ್ರಶ್ನೆ ಅಂತರಜಾಲಕ್ಕಿಂತ ಬಹಳ ಹಳೆಯದು. ಅಲಬಾಮಾ ರಾಜ್ಯದ ಮೊಬೀಲ್ ನಗರದ ಪಕ್ಕದಲ್ಲಿ ಚಿಕಸಾ ಎಂಬ ಪುಟ್ಟ ಊರಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಗಲ್ಫ್ ಷಿಪ್‌ಬಿಲ್ಡಿಂಗ್ ಎಂಬ ಹಡಗು ಕಟ್ಟುವ ಕಂಪನಿಯ ಸ್ವತ್ತಾಗಿತ್ತು. ಮನೆ, ರಸ್ತೆ, ಚರಂಡಿ, ಅಂಗಡಿಸಾಲು ಎಲ್ಲವೂ ಕಂಪನಿಯವೇ. ಊರು ಕಾಯುತ್ತಿದ್ದ ಪೊಲೀಸನಿಗೆ ಸಂಬಳ ಕೊಡುತ್ತಿದ್ದುದೂ ಕಂಪನಿಯೇ. ನೋಡುವವರ ಕಣ್ಣಿಗೆ ಮಾತ್ರ ಅದು ಬೇರೆ ಊರುಗಳಂತೆಯೇ ಇನ್ನೊಂದು ಊರು.

1943ರ ಡಿಸೆಂಬರ್‌ನಲ್ಲಿ ಗ್ರೇಸ್ ಮಾರ್ಷ್ ಎಂಬ ಮಹಿಳೆ ಅಲ್ಲಿನ ಅಂಚೆ ಕಚೇರಿಯ ಬಳಿಯ ಕಾಲುದಾರಿಯಲ್ಲಿ ನಿಂತು ತಮ್ಮ ಪಂಥದ ಧಾರ್ಮಿಕ ಪತ್ರಿಕೆಗಳನ್ನು ಹಂಚುತ್ತಿದ್ದರು. ಆಕೆ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದವರು. ಇದು ಖಾಸಗಿ ಜಾಗ, ಅನುಮತಿ ಇಲ್ಲದೆ ಹಂಚುವಂತಿಲ್ಲ, ಅನುಮತಿಯೂ ಸಿಗುವುದಿಲ್ಲ ಎಂದು ಆಕೆಗೆ ತಿಳಿಸಲಾಯಿತು. ಆಕೆ ಕದಲಲಿಲ್ಲ. ಅತಿಕ್ರಮ ಪ್ರವೇಶದ ಆಪಾದನೆಯ ಮೇಲೆ ಬಂಧಿಸಿ ಶಿಕ್ಷೆ ವಿಧಿಸಿದರು. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1946ರ ಜನವರಿಯಲ್ಲಿ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಬರೆದ ಬಹುಮತದ ತೀರ್ಪು ಆಕೆಯ ಪರವಾಗಿ ಬಂತು. ಒಡೆಯನು ತನ್ನ ಆಸ್ತಿಯನ್ನು ಸಾರ್ವಜನಿಕರ ಬಳಕೆಗೆ ಹೆಚ್ಚು ಹೆಚ್ಚು ತೆರೆದಂತೆ, ಆ ಜನರ ಸಂವಿಧಾನದತ್ತ ಹಕ್ಕುಗಳು ಅವನ ಒಡೆತನಕ್ಕೆ ಮಿತಿ ಹಾಕುತ್ತವೆ ಎಂಬುದು ಆ ತೀರ್ಪಿನ ತಿರುಳು. ಕಂಪನಿಯೇ ಊರಾದಾಗ ಕಂಪನಿಯೂ ಸರ್ಕಾರದಂತೆ ನಡೆದುಕೊಳ್ಳಬೇಕು.

ಆದರೆ ನ್ಯಾಯಾಲಯ ಈ ತತ್ತ್ವವನ್ನು ಬಹಳ ದೂರ ಕೊಂಡೊಯ್ಯಲಿಲ್ಲ. ದೊಡ್ಡ ಮಾರಾಟ ಮಳಿಗೆಗಳ ಆವರಣವೂ ಊರ ಪೇಟೆಯಂತೆಯೇ ಎಂದು 1968ರಲ್ಲಿ ಹೇಳಿದ ಅದೇ ಕೋರ್ಟು, 1976ರಲ್ಲಿ ಆ ಮಾತನ್ನು ಹಿಂದಕ್ಕೆ ಪಡೆಯಿತು. 1980ರಲ್ಲಿ ಒಂದು ಕಿಂಡಿ ಮಾತ್ರ ತೆರೆದುಕೊಂಡಿತು. ಕ್ಯಾಲಿಫೋರ್ನಿಯದ ಪ್ರೂನ್‌ಯಾರ್ಡ್ ಎಂಬ ಮಳಿಗೆಯ ಆವರಣದಲ್ಲಿ ಶಾಲಾ ವಿದ್ಯಾರ್ಥಿಗಳು ಮನವಿಯೊಂದಕ್ಕೆ ಸಹಿ ಸಂಗ್ರಹಿಸುತ್ತಿದ್ದಾಗ ಕಾವಲುಗಾರ ಅವರನ್ನು ಹೊರಗೆ ಕಳಿಸಿದ್ದ. ಯಾವುದೇ ರಾಜ್ಯವು ತನ್ನದೇ ಸಂವಿಧಾನದ ಮೂಲಕ ಇಂಥವರಿಗೆ ಹೆಚ್ಚಿನ ಹಕ್ಕು ಕೊಟ್ಟರೆ ಅದರಲ್ಲಿ ತಪ್ಪಿಲ್ಲವೆಂದು ಕೋರ್ಟು ಒಪ್ಪಿತು.

ಪುಸ್ತಕದ ಅಂಗಡಿಯೋ, ಪತ್ರಿಕೆಯೋ?

ಕಂಪ್ಯೂಟರ್ ಜಾಲಗಳು ಬಂದಾಗ ಎದ್ದ ಮೊದಲ ಪ್ರಶ್ನೆ ಬೇರೆಯದೇ ಆಗಿತ್ತು. ಜಾಲದಲ್ಲಿ ಯಾರೋ ಬರೆದ ನಿಂದೆಗೆ ಜಾಲದ ಕಂಪನಿ ಹೊಣೆಯೇ? 1991ರಲ್ಲಿ ಕಂಪ್ಯುಸರ್ವ್ ಕಂಪನಿಯ ಪ್ರಕರಣದಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಅಲ್ಲವೆಂದಿತು. ಪುಸ್ತಕದ ಅಂಗಡಿಯವನು ಪ್ರತಿಯೊಂದು ಪುಸ್ತಕವನ್ನೂ ಓದಿ ಮಾರುವುದಿಲ್ಲವಷ್ಟೆ. ಆದರೆ 1995ರಲ್ಲಿ ಪ್ರಾಡಿಜಿ ಎಂಬ ಕಂಪನಿ ಸಿಕ್ಕಿಬಿತ್ತು. ಅದು ಅಸಭ್ಯ ಬರಹಗಳನ್ನು ತೆಗೆದುಹಾಕುವ ಪದ್ಧತಿ ಇಟ್ಟುಕೊಂಡಿತ್ತು. ಸೋಸುವ ಕೆಲಸ ಮಾಡುವೆಯಾದರೆ ನೀನು ಪತ್ರಿಕೆಯ ಸಂಪಾದಕನಂತೆ, ಹೊಣೆ ಹೊರು ಎಂದಿತು ನ್ಯಾಯಾಲಯ. ಕಸ ಗುಡಿಸಿದವನಿಗೆ ದಂಡ, ಗುಡಿಸದವನಿಗೆ ಬಿಡುಗಡೆ ಎಂಬಂತಾಯಿತು.

ಈ ವಿಚಿತ್ರವನ್ನು ಸರಿಪಡಿಸಲು ಕ್ರಿಸ್ಟೋಫರ್ ಕಾಕ್ಸ್ ಮತ್ತು ರಾನ್ ವೈಡನ್ ಎಂಬ ಇಬ್ಬರು ಜನಪ್ರತಿನಿಧಿಗಳು ರೂಪಿಸಿದ 230ನೇ ಸೆಕ್ಷನ್ 1996ರಲ್ಲಿ ಕಾನೂನಾಯಿತು. ಇತರರ ಬರಹಕ್ಕೆ ಕಂಪನಿ ಪ್ರಕಾಶಕನಂತೆ ಹೊಣೆಯಲ್ಲ. ಆಕ್ಷೇಪಾರ್ಹವೆಂದು ಕಂಡದ್ದನ್ನು ಸದುದ್ದೇಶದಿಂದ ತೆಗೆದುಹಾಕಿದರೆ, ಆ ಮಾತು ಸಂವಿಧಾನದ ರಕ್ಷಣೆ ಪಡೆದದ್ದಾಗಿದ್ದರೂ, ಅದಕ್ಕೂ ಹೊಣೆಯಲ್ಲ. ಇಂದಿನ ದೈತ್ಯ ಕಂಪನಿಗಳು ಬೆಳೆದದ್ದು ಈ ಎರಡು ರೆಕ್ಕೆಗಳ ಬಲದಿಂದ.

ಕತ್ತರಿ ಬೇಕೇ ಬೇಡವೇ?

ತೆಗೆದುಹಾಕುವ ಕೆಲಸವೇ ಬೇಡವೆನ್ನಲು ಬರುವುದಿಲ್ಲ. ಮಯನ್ಮಾರ್‌ನಲ್ಲಿ ರೋಹಿಂಗ್ಯಾ ಜನರ ವಿರುದ್ಧ ದ್ವೇಷ ಹರಡಲು ಫೇಸ್‌ಬುಕ್ ಸಾಧನವಾಯಿತೆಂದು ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ 2018ರಲ್ಲಿ ಹೇಳಿತು. ತಡೆಯಲು ತಾನು ಸಾಕಷ್ಟು ಕ್ರಮ ಕೈಗೊಳ್ಳಲಿಲ್ಲವೆಂದು ಆ ವರ್ಷವೇ ಕಂಪನಿಯೂ ಒಪ್ಪಿಕೊಂಡಿತು. ಕತ್ತರಿ ಆಡದಿದ್ದರೆ ಪ್ರಾಣವೇ ಹೋಗುವ ಸಂದರ್ಭಗಳುಂಟು.

ಆದರೆ ಆ ಕತ್ತರಿಗೆ ವಿವೇಕವಿದೆಯೇ? 1972ರ ವಿಯೆಟ್ನಾಂ ಯುದ್ಧದಲ್ಲಿ ನೇಪಾಮ್ ಬೆಂಕಿಯಿಂದ ಬೆಂದು ಬತ್ತಲೆಯಾಗಿ ಓಡಿಬರುವ ಬಾಲಕಿಯ ಚಿತ್ರವನ್ನು ಜಗತ್ತೇ ಬಲ್ಲದು. 2016ರಲ್ಲಿ ನಾರ್ವೆಯ ಲೇಖಕರೊಬ್ಬರು ಅದನ್ನು ಫೇಸ್‌ಬುಕ್‌ನಲ್ಲಿ ಹಾಕಿದಾಗ ನಗ್ನತೆಯ ನಿಯಮದಡಿ ಅಳಿಸಲಾಯಿತು. ‘ಆಫ್ಟನ್‌ಪೋಸ್ಟನ್’ ಪತ್ರಿಕೆಯ ಸಂಪಾದಕರು ಕಂಪನಿಯ ಮುಖ್ಯಸ್ಥರಿಗೆ ಮುಖಪುಟದಲ್ಲೇ ಬಹಿರಂಗ ಪತ್ರ ಬರೆದರು. ದೇಶದ ಪ್ರಧಾನಿ ಎರ್ನಾ ಸೂಲ್ಬರ್ಗ್ ಅದೇ ಚಿತ್ರ ಹಾಕಿದರೆ ಅದನ್ನೂ ಅಳಿಸಿದರು! ಗದ್ದಲವೆದ್ದ ಮೇಲೆ ಕಂಪನಿ ಮಣಿಯಿತು. ಬ್ರೆಜಿಲ್‌ನಲ್ಲಿ ಸ್ತನ ಕ್ಯಾನ್ಸರಿನ ಲಕ್ಷಣಗಳನ್ನು ತಿಳಿಸುವ ಚಿತ್ರಗಳನ್ನು ಇನ್‌ಸ್ಟಾಗ್ರಾಂನ ಯಂತ್ರವೇ ಅಳಿಸಿತ್ತು. ಅದು ತಪ್ಪೆಂದು ಕಂಪನಿಯೇ ನೇಮಿಸಿದ ಮೇಲ್ವಿಚಾರಣಾ ಮಂಡಳಿ 2021ರ ಜನವರಿಯಲ್ಲಿ ತೀರ್ಮಾನಿಸಿತು. ಪ್ರಧಾನಿಯ ಬೆಂಬಲಕ್ಕೆ ಪತ್ರಿಕೆಯಿತ್ತು. ಯಾವ ಬೆಂಬಲವೂ ಇಲ್ಲದ ಸಾಮಾನ್ಯನ ಗತಿಯೇನು?

ಕಂಪನಿಗೂ ಮಾತಿನ ಹಕ್ಕು

ಸಾಮಾಜಿಕ ಜಾಲತಾಣಗಳು ಈ ಕಾಲದ ಸಾರ್ವಜನಿಕ ಚೌಕವೆಂಬ ಅರ್ಥದ ಮಾತನ್ನು ಅಮೆರಿಕದ ಸುಪ್ರೀಂ ಕೋರ್ಟು 2017ರಲ್ಲಿ ಆಡಿತು. ಆದರೆ ಅಲ್ಲಿ ಎದುರುಪಕ್ಷವಾಗಿದ್ದುದು ಉತ್ತರ ಕೆರೊಲಿನಾ ರಾಜ್ಯದ ಒಂದು ಕಾನೂನು, ಕಂಪನಿಯಲ್ಲ. ಯೂಟ್ಯೂಬ್ ಎಷ್ಟೇ ದೊಡ್ಡದಾದರೂ ಅದು ಸರ್ಕಾರವಲ್ಲವೆಂದು 2020ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಸ್ಪಷ್ಟಪಡಿಸಿತು.

2021ರ ಜನವರಿ 6ರಂದು ವಾಷಿಂಗ್ಟನ್ನಿನ ಸಂಸತ್ ಭವನದ ಮೇಲೆ ದಾಳಿ ನಡೆದ ಎರಡು ದಿನಗಳ ಬಳಿಕ, ಇನ್ನೂ ಅಧಿಕಾರದಲ್ಲಿದ್ದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಖಾತೆಯನ್ನು ಟ್ವಿಟರ್ ಮುಚ್ಚಿತು. ಟ್ರಂಪ್ ಅವರ ಅಭಿಮಾನಿಯೇನೂ ಅಲ್ಲದ ಜರ್ಮನಿಯ ಏಂಜೆಲಾ ಮರ್ಕೆಲ್ ಕೂಡ ತಮ್ಮ ವಕ್ತಾರರ ಮೂಲಕ ಇದು ಚಿಂತೆಯ ವಿಷಯವೆಂದರು. ಮಿತಿ ಹಾಕಬೇಕಾದುದು ಕಾನೂನು, ಕಂಪನಿಯ ಆಡಳಿತ ಮಂಡಳಿಯಲ್ಲ ಎಂಬುದು ಅವರ ನಿಲುವು. ಕಂಪನಿಗಳ ಕೈ ಕಟ್ಟಲು ಟೆಕ್ಸಾಸ್ ಮತ್ತು ಫ್ಲಾರಿಡಾ ರಾಜ್ಯಗಳು ಅದೇ ವರ್ಷ ಕಾನೂನು ಮಾಡಿದವು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ಮೊಕದ್ದಮೆಗಳನ್ನು ಮರುವಿಚಾರಣೆಗೆ ಕಳಿಸಿತು. ಆದರೆ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕೆಂಬ ಆಯ್ಕೆ ಸಂಪಾದಕನ ಆಯ್ಕೆಯಂತೆ ಅಭಿವ್ಯಕ್ತಿಯೇ ಎಂದು ಬಹುಮತದ ತೀರ್ಪು ಹೇಳಿತು. ಅಂದರೆ ಅಳಿಸುವವನಿಗೂ ವಾಕ್ ಸ್ವಾತಂತ್ರ್ಯವುಂಟು!

ಇಲ್ಲಿ, ಈ ನೆಲದಲ್ಲಿ

ಭಾರತಕ್ಕೆ ಬಂದರೆ ಚಿತ್ರ ಇನ್ನಷ್ಟು ಗೋಜಲು. ಹಿರಿಯ ವಕೀಲ ಸಂಜಯ ಹೆಗ್ಡೆ ಅವರು ಟ್ವಿಟರ್ ಖಾತೆಯಲ್ಲಿ 1936ರ ಜರ್ಮನಿಯ ಚಿತ್ರವೊಂದನ್ನು ಹಾಕಿಕೊಂಡಿದ್ದರು. ಹ್ಯಾಂಬರ್ಗಿನ ಹಡಗು ಕಾರ್ಖಾನೆಯಲ್ಲಿ ಕೆಲಸಗಾರರ ಗುಂಪು ನಾಜಿ ವಂದನೆಗೆ ಕೈ ಚಾಚಿದ್ದರೆ ಒಬ್ಬ ಮಾತ್ರ ಕೈಕಟ್ಟಿ ನಿಂತಿದ್ದಾನೆ. ನಾಜಿಗಳನ್ನು ಧಿಕ್ಕರಿಸಿದ ಈ ಚಿತ್ರವೇ ದ್ವೇಷದ ಚಿತ್ರವೆನಿಸಿ 2019ರ ಅಕ್ಟೋಬರ್‌ನಲ್ಲಿ ಖಾತೆ ಅಮಾನತಾಯಿತು. ಅವರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು.

ಖಾಸಗಿಯವರ ವಿರುದ್ಧವೂ 19ನೇ ವಿಧಿಯ ಹಕ್ಕನ್ನು ಕೇಳಬಹುದೆಂದು ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಜನವರಿಯಲ್ಲಿ ಬಹುಮತದಿಂದ ಹೇಳಿತು. ಈ ಅಂಶವನ್ನು ಒಪ್ಪದೆ ಭಿನ್ನ ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ.

ಇನ್ನೊಂದು ಮುಖ ಕಂಡದ್ದು ಕರ್ನಾಟಕ ಹೈಕೋರ್ಟಿನಲ್ಲಿ. ಕೇಂದ್ರ ಸರ್ಕಾರದ ತಡೆ ಆದೇಶಗಳನ್ನು ಟ್ವಿಟರ್ ಅಲ್ಲಿ ಪ್ರಶ್ನಿಸಿತು. ಬರೆದವರಿಗೆ ನೋಟಿಸನ್ನೇ ಕೊಟ್ಟಿಲ್ಲವೆಂಬುದು ಅದರ ವಾದಗಳಲ್ಲೊಂದು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, 50 ಲಕ್ಷ ರೂಪಾಯಿ ದಂಡವೂ ಬಿತ್ತು. ‘ಸಹಯೋಗ’ ಎಂಬ ಸರ್ಕಾರಿ ಜಾಲತಾಣದ ಮೂಲಕ ಬರುವ ತೆಗೆದುಹಾಕುವ ಸೂಚನೆಗಳ ವಿರುದ್ಧ ಎಕ್ಸ್ ಹೂಡಿದ ಅರ್ಜಿಯೂ 2025ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠದಲ್ಲಿ ವಜಾ ಆಯಿತು. 19ನೇ ವಿಧಿ ನಾಗರಿಕರಿಗೆ, ವಿದೇಶಿ ಕಂಪನಿಗಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು.

ಇವೆರಡನ್ನೂ ಜೋಡಿಸಿ ನೋಡಬೇಕು. ಕಂಪನಿ ತಾನಾಗಿ ಅಳಿಸಿದರೆ ಅದು ತನ್ನನ್ನು ಸರ್ಕಾರವಲ್ಲವೆನ್ನುತ್ತದೆ. ಸರ್ಕಾರ ಹೇಳಿ ಅಳಿಸಿದರೆ ಕಂಪನಿ ನಾಗರಿಕನಲ್ಲ. ನಾಗರಿಕನಾದವನು, ಮಾತಿನ ಒಡೆಯನಾದವನು, ಎಷ್ಟೋ ಸಲ ಆ ನ್ಯಾಯಾಲಯದಲ್ಲಿ ಇರುವುದೇ ಇಲ್ಲ.

ಕಾರಣ ಕೇಳುವ ಹಕ್ಕು

ಕಟ್ಟೆಯೋ ಜಗಲಿಯೋ ಎಂಬ ವಾದ ಬೇಗ ಮುಗಿಯುವಂಥದಲ್ಲ. ಅದು ಮುಗಿಯುವವರೆಗೆ ಕಾಯಬೇಕಾಗಿಯೂ ಇಲ್ಲ. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2021ರ ಜುಲೈನಲ್ಲಿ ಬೇರೆಯೇ ದಾರಿ ಹಿಡಿಯಿತು. ಕಂಪನಿ ತನ್ನ ನಿಯಮ ಮಾಡಿಕೊಳ್ಳಲಿ, ಬರಹವನ್ನೂ ತೆಗೆಯಲಿ. ಆದರೆ ತೆಗೆದದ್ದನ್ನು ಬರೆದವನಿಗೆ ತಿಳಿಸಬೇಕು, ಖಾತೆ ಮುಚ್ಚುವ ಮೊದಲೇ ಕಾರಣ ಕೊಡಬೇಕು, ಅವನ ಉತ್ತರ ಕೇಳಬೇಕು ಎಂದಿತು. 2024ರ ಫೆಬ್ರವರಿಯಿಂದ ಪೂರ್ಣವಾಗಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವಾ ಕಾಯಿದೆಯೂ ಕಾರಣ ಕೊಡುವುದನ್ನು ಕಡ್ಡಾಯ ಮಾಡಿತು. ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲೂ ದೊಡ್ಡ ಜಾಲತಾಣಗಳು ತಾವಾಗಿ ಏನನ್ನಾದರೂ ತೆಗೆಯುವ ಮುನ್ನ ಕಾರಣ ತಿಳಿಸಿ, ಆಕ್ಷೇಪಣೆಗೆ ಅವಕಾಶ ಕೊಡಬೇಕೆಂಬ ಮಾತಿದೆ. ಆದರೆ ಮೇಲ್ಮನವಿ ಕೇಳಲು 2023ರ ಜನವರಿಯಲ್ಲಿ ರಚನೆಯಾದ ಸಮಿತಿಗಳನ್ನು ನೇಮಿಸುವುದು ಕೇಂದ್ರ ಸರ್ಕಾರವೇ. ಪೂಜಾರಿಯ ಮೇಲಿನ ದೂರನ್ನು ದೊರೆಯ ಆಸ್ಥಾನಕ್ಕೆ ಒಯ್ದಂತೆ!

ಕಾರಣ ಕೇಳುವ ಹಕ್ಕು ಸಣ್ಣದಾಗಿ ಕಾಣಬಹುದು. ಆದರೆ ಉಳಿದೆಲ್ಲ ಹಕ್ಕುಗಳಿಗೂ ಅದೇ ಮೊದಲ ಮೆಟ್ಟಿಲು. ಗ್ರೇಸ್ ಮಾರ್ಷ್ ಅವರಿಗೆ ತಮ್ಮನ್ನು ತಡೆದವನ ಮುಖ ಕಾಣುತ್ತಿತ್ತು. ಯಾವ ತಪ್ಪಿಗೆ ತಡೆದರೆಂಬುದು ತಿಳಿದಿತ್ತು, ಯಾವ ಬಾಗಿಲು ತಟ್ಟಬೇಕೆಂಬುದೂ ತಿಳಿದಿತ್ತು. ಆದ್ದರಿಂದಲೇ ಒಬ್ಬ ಸಾಮಾನ್ಯ ಮಹಿಳೆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಗೆದ್ದರು. ಇಂದು ಖಾತೆ ಕಳೆದುಕೊಂಡವನಿಗೂ ಅಷ್ಟಾದರೂ ತಿಳಿಯಬೇಕು: ತಡೆದವರು ಯಾರು, ಯಾಕೆ ತಡೆದರು, ಯಾರನ್ನು ಕೇಳಬೇಕು.