ಹಿತ್ತಿಲ ಹೂಮರಿಗಳ ರಕ್ಷಣೆ



೧೮೯೮ರ ಪ್ಲೇಗಿನ ತರುವಾಯ ಬೆಳೆದ ನಮ್ಮ ಬಸವನಗುಡಿಯಲ್ಲಿ ಕೋಳಿಯೆಂದರೆ ಮೂಗು ಮುರಿಯುವವರು ಇಂದಿಗೂ ಉಂಟು. ಆದರೂ ಅಳಿದುಳಿದ ಹಿತ್ತಿಲುಗಳಲ್ಲಿ ಒಂದೆರಡು ಹೇಂಟೆಗಳು ಕೆದಕುತ್ತಿರುತ್ತವೆ. ನಮ್ಮಲ್ಲಿಯೂ ಒಂದುಂಟು. ಅದರ ಒಂಬತ್ತು ಮರಿಗಳಲ್ಲಿ ವಾರ ಕಳೆಯುವುದರೊಳಗೆ ನಾಲ್ಕು ಮಾತ್ರ ಉಳಿದುವು.

ನಾನು ಹದ್ದನ್ನು ಶಪಿಸಿದೆನು, ತಪ್ಪು ನನ್ನದಾಗಿದ್ದಿತು. ಹದ್ದು ಕಂಡೊಡನೆ ತಾಯಿಯು ಬೇರೊಂದು ಸ್ವರದಿಂದ ಕೂಗುವುದು, ಮರಿಗಳು ಪೊದೆಯೊಳಕ್ಕೆ ನುಗ್ಗುವುವು. ಹಿತ್ತಿಲು ಚೊಕ್ಕಟವಾಗಿರಲೆಂದು ನಾನು ದಾಸವಾಳದ ಪೊದೆಗಳನ್ನೆಲ್ಲ ಕಡಿಸಿದ್ದೆನು. ಪಾಪ, ಅವು ಅಡಗುವುದೆಲ್ಲಿ?

ಹದ್ದನ್ನು ಕೊಲ್ಲುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನಕ್ಕೆ ವಿರುದ್ಧ. ಕೊಂದರೂ ಕಹಳೆ ಬಂಡೆಯ ಮೇಲೆ ಇನ್ನೊಂದು ಸುತ್ತುತ್ತಿರುವುದು. ಆದುದರಿಂದ ಮೊದಲ ಆರು ವಾರ ಮರಿಗಳನ್ನು ಬಿದಿರಿನ ಮಂಕರಿಯಡಿಯಲ್ಲಿಯೇ ಮೇಯಿಸತಕ್ಕದ್ದು. ಮಂಕರಿಯ ಮೇಲೆ ಕಲ್ಲೊಂದನ್ನಿಡಬೇಕು. ಬೆಕ್ಕು ಅದನ್ನು ಉರುಳಿಸಬಲ್ಲದು. ರಾತ್ರಿಯ ಗೂಡಿಗೆ ಅಗಲವಾದ ಕಣ್ಣಿನ ಕೋಳಿಬಲೆ ಸಾಲದು. ಅರ್ಧ ಅಂಗುಲದ ಕಣ್ಣಿನ ಗಟ್ಟಿ ತಂತಿಬಲೆಯೇ ಆಗಬೇಕು. ಅದನ್ನು ನೆಲದೊಳಗೆ ಒಂದಡಿ ಹೂಳಿರಿ, ಹೆಗ್ಗಣ ಅಡಿಯಿಂದ ಕೊರೆದು ಬರುವುದು. ಮುಂಗುಸಿಯೂ ಹಾಗೆಯೇ.

ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಮರಿಗಳನ್ನು ತರುವವರಿಗೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಯಂತ್ರದ ಕಾವಿನಲ್ಲಿ ಹುಟ್ಟಿದ ಅವುಗಳಿಗೆ ಕೂಗಿ ಕರೆಯುವ ತಾಯಿಯೇ ಇಲ್ಲವಷ್ಟೆ.

ನಮ್ಮ ಹೇಂಟೆ ಈಗ ಮತ್ತೆ ಕಾವಿಗೆ ಕುಳಿತಿದೆ. ದಾಸವಾಳವನ್ನು ಪುನಃ ನೆಡಿಸಿದ್ದೇನೆ.