ಆವೇಶ ತುಂಬುವ ಹೊತ್ತು



ಕನ್ನಡದ ಭೌತಶಾಸ್ತ್ರ ಪುಸ್ತಕಗಳಲ್ಲಿ ವಿದ್ಯುತ್ತಿನ ‘ಚಾರ್ಜ್’ ಎಂಬುದಕ್ಕೆ ‘ಆವೇಶ’ ಎಂಬ ಪದವನ್ನು ಬಳಸುತ್ತಾರೆ. ಬಹುಕಾಲ ಕನ್ನಡ ಪಾಠ ಹೇಳಿದ ನನಗೆ ಈ ಪದ ಕಂಡಾಗಲೆಲ್ಲ ನಗು ಬರುತ್ತಿತ್ತು. ಆವೇಶವೆಂದರೆ ಮೈಮೇಲೆ ದೇವರು ಬರುವುದು, ಇಲ್ಲವೇ ಸಿಟ್ಟು ನೆತ್ತಿಗೇರುವುದು. ಕಾರಿನ ಬ್ಯಾಟರಿಗೂ ಅದಕ್ಕೂ ಎಲ್ಲಿಯ ನಂಟು ಎಂದುಕೊಳ್ಳುತ್ತಿದ್ದೆ. ಆ ನಂಟನ್ನು ನನಗೆ ತಿಳಿಸಿಕೊಟ್ಟದ್ದು ನನ್ನದೇ ಒಂದು ತಪ್ಪು ಲೆಕ್ಕ.

ನಾನಿರುವುದು ನಂಜನಗೂಡಿನಲ್ಲಿ, ನನ್ನ ಅಕ್ಕ ಇರುವುದು ತಿರುಮಕೂಡಲು ನರಸೀಪುರದಲ್ಲಿ. ನಮ್ಮೂರಿನ ಮಗ್ಗುಲಲ್ಲಿ ಹರಿಯುವ ಕಪಿಲೆಯೇ ಅವಳೂರಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ೨೦೨೦ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನನ್ನ ಹಳೆಯ ಕಾರೂ ನಿಂತಿತು. ಅಕ್ಕನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೂ ಮುಂದಕ್ಕೆ ಹೋಯಿತು. ಎರಡೂವರೆ ತಿಂಗಳ ಮೇಲೆ ಮೈಸೂರಿನ ಆಸ್ಪತ್ರೆಯಿಂದ ಕರೆ ಬಂದಿತು: ನಾಳಿದ್ದು ಬೆಳಗ್ಗೆ ಒಂಬತ್ತಕ್ಕೆ ಬರಬೇಕು.

ಕಾರಿನ ಕೀಲಿ ತಿರುಗಿಸಿದರೆ ಸದ್ದೇ ಇಲ್ಲ. ನೆರೆಯವರಿಂದ ಚಾರ್ಜರ್ ತಂದೆ. ಬ್ಯಾಟರಿಯ ಮೇಲೆ ೩೫ ಆಂಪಿಯರ್-ಗಂಟೆ ಎಂದಿತ್ತು. ಚಾರ್ಜರಿನ ಮೇಲೆ ೫ ಆಂಪಿಯರ್ ಎಂದಿತ್ತು. ಒಂದನ್ನು ಇನ್ನೊಂದರಿಂದ ಭಾಗಿಸಿದೆ, ಏಳು ಬಂತು. ಗಡಿಯಾರ ನೋಡಿಕೊಂಡು ಏಳು ಗಂಟೆಗೆ ಸರಿಯಾಗಿ ಬಿಚ್ಚಿದೆ. ಕಾರು ಹೊರಟಿತು, ನನ್ನ ಗಣಿತದ ಬಗ್ಗೆ ನನಗೇ ಹೆಮ್ಮೆಯಾಯಿತು.

ಗೊತ್ತಾದ ದಿನ ಮುಂಜಾನೆ ನರಸೀಪುರ ತಲುಪಿ, ಮನೆಯ ಮುಂದೆ ಕಾರು ಆರಿಸಿ ಇಳಿದೆ. ಅಕ್ಕ ಹೊರಡಲು ಸಿದ್ಧಳಾಗಿ ಚೀಲ ಹಿಡಿದು ಜಗಲಿಯ ಮೇಲೆ ಕುಳಿತಿದ್ದಳು. ಅವಳನ್ನು ಕೂರಿಸಿಕೊಂಡು ಕೀಲಿ ತಿರುಗಿಸಿದರೆ ಕಾರು ಒಮ್ಮೆ ನರಳಿ ಸುಮ್ಮನಾಯಿತು. ಬಸ್ಸುಗಳು ಆಗಿನ್ನೂ ಅಪರೂಪ. ಬೇರೆ ಬ್ಯಾಟರಿ ತರಿಸಿ, ತಂತಿ ಹಾಯಿಸಿ ಹೊರಡುವಷ್ಟರಲ್ಲಿ ಹತ್ತೂವರೆಯಾಗಿತ್ತು. ಸರದಿ ತಪ್ಪಿತು. ಮತ್ತೆ ದಿನ ಸಿಕ್ಕಿದ್ದು ಒಂದು ತಿಂಗಳಿಗೆ. ಸಂಜೆ ನಾಲ್ಕು ಪುಟ ಭಾರತ ಓದದೆ ಊಟಕ್ಕೇಳದಿದ್ದ ಹೆಂಗಸು ಅವಳು. “ಹೋಗಲಿ ಬಿಡೋ, ಇನ್ನೊಂದು ತಿಂಗಳು ತಾನೆ” ಎಂದಳು. ಆ ‘ತಾನೆ’ ನನ್ನನ್ನು ಈಗಲೂ ಚುಚ್ಚುತ್ತದೆ.

ಅಂದು ನೆರವಾದ ಬ್ಯಾಟರಿ ಅಂಗಡಿಯ ಹಿರಿಯರು ನನ್ನ ಲೆಕ್ಕ ಕೇಳಿ ಹೇಳಿದರು: “ಮೇಷ್ಟ್ರೇ, ಚಾರ್ಜರ್ ಮೇಲೆ ಬರೆದಿದ್ದನ್ನ ಓದಿದ್ದೀರಿ. ಮುಳ್ಳು ತೋರಿಸ್ತಿದ್ದದ್ದನ್ನ ಓದಲಿಲ್ಲ.” ಹೊದಿಕೆಯ ಹಾಳೆ ನೋಡಿ ಕಾವ್ಯವನ್ನು ವಿಮರ್ಶಿಸಿದ ವಿದ್ಯಾರ್ಥಿಗಳನ್ನು ನಾನು ಎಷ್ಟೋ ಸಲ ಗದರಿಸಿದ್ದೆ. ಅಂದು ತಲೆ ತಗ್ಗಿಸಿದೆ.

ಅವರಿಂದ ಕಲಿತದ್ದು ಇಷ್ಟು. ಸೀಸದ ಫಲಕಗಳ ಈ ಬಗೆಯ ಬ್ಯಾಟರಿಯನ್ನು ೧೮೫೯ರಲ್ಲಿ ರೂಪಿಸಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಕಾರಿನ ೧೨ ವೋಲ್ಟಿನ ಪೆಟ್ಟಿಗೆಯಲ್ಲಿ ಸುಮಾರು ೨ ವೋಲ್ಟಿನ ಆರು ಮನೆಗಳಿರುತ್ತವೆ. ಶಕ್ತಿ ವ್ಯಯವಾದಂತೆ ಗಂಧಕಾಮ್ಲದ ಸಾರ ಫಲಕಗಳಿಗೆ ಅಂಟಿ, ಉಳಿದ ದ್ರವ ನೀರಾಗುತ್ತ ಹೋಗುತ್ತದೆ. ಅಂಟಿದ್ದನ್ನು ಬಿಡಿಸಿ ಮತ್ತೆ ದ್ರವಕ್ಕೆ ಸೇರಿಸುವುದೇ ಚಾರ್ಜ್ ಮಾಡುವುದು. ತಿಂಗಳುಗಟ್ಟಲೆ ಬರಿದಾಗಿ ಬಿದ್ದಿದ್ದರೆ ಆ ಅಂಟು ಗಟ್ಟಿಯಾಗಿ, ನಾವು ಕೊಡುವ ವಿದ್ಯುತ್ತನ್ನು ಅದು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಐದು ಆಂಪಿಯರ್ ಕೊಡಬಲ್ಲ ಯಂತ್ರದ ಮುಳ್ಳು ಎರಡರಲ್ಲೋ ಒಂದರಲ್ಲೋ ನಿಂತಿರುತ್ತದೆ. ಕೊಡುವವನ ಶಕ್ತಿಯಷ್ಟೇ ಲೆಕ್ಕವಲ್ಲ, ಕೊಳ್ಳುವವನ ಶಕ್ತಿಯೂ ಲೆಕ್ಕ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಎಷ್ಟು ಬರಿದಾಗಿದೆ ಎಂಬುದು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಗಳಲ್ಲಿ ಹೈಡ್ರೋಮೀಟರ್ ಇದನ್ನು ಹೇಳುತ್ತದೆ. ನೀರನ್ನು ೧ ಎಂದು ಹಿಡಿದರೆ, ತುಂಬಿದ ಬ್ಯಾಟರಿಯ ದ್ರವ ಸುಮಾರು ೧.೨೬, ಅರ್ಧವಾದಾಗ ೧.೧೯, ಬರಿದಾದಾಗ ೧.೧೨. ಇನ್ನು ವೇಗ: ಬ್ಯಾಟರಿಯ ಅಳತೆಯ ಹತ್ತರಲ್ಲೊಂದು ಭಾಗ ಕ್ಷೇಮ, ನನ್ನದಕ್ಕೆ ಮೂರೂವರೆ ಆಂಪಿಯರ್. ಅರ್ಧ ಬರಿದಾಗಿದ್ದರೆ ಬೇಕಾದದ್ದು ಹದಿನೇಳೂವರೆ ಆಂಪಿಯರ್-ಗಂಟೆ. ಭಾಗಿಸಿದರೆ ಐದು ಗಂಟೆ. ಕೊಟ್ಟದ್ದೆಲ್ಲ ದಕ್ಕುವುದಿಲ್ಲವಾಗಿ ಐದರಲ್ಲೊಂದು ಪಾಲು ಸೇರಿಸಬೇಕು, ಆರು ಗಂಟೆಯಾಯಿತು. ಸಣ್ಣ ಬಾಯಿಯ ಕೊಡ ಕಂಠದ ಹತ್ತಿರ ನಿಧಾನವಾಗಿ ತುಂಬುವಂತೆ ಇದಕ್ಕೂ ಕೊನೆಯ ಪಾಲಿಗೆ ಹೆಚ್ಚು ಹೊತ್ತು ಬೇಕು. ಎಂಟು ಗಂಟೆ ಎಂದುಕೊಳ್ಳುವುದು ಲೇಸು. ಪೂರ್ತಿ ಬರಿದಾಗಿದ್ದರೆ ಇದೇ ಲೆಕ್ಕ ಹನ್ನೆರಡು ಗಂಟೆಯನ್ನು ದಾಟುತ್ತದೆ. ಲೆಕ್ಕ ಏನೇ ಹೇಳಲಿ, ಗಂಟೆಗೊಮ್ಮೆ ಅಳೆದಾಗ ಮೂರು ಸಲ ಒಂದೇ ಅಂಕಿ ಬಂದರೆ ಮಾತ್ರ ತುಂಬಿತೆಂದು ನಂಬಬೇಕು. ಪೆಟ್ಟಿಗೆ ಕೈಗೆ ಬಿಸಿಯೆನಿಸಿದರೆ ನಿಲ್ಲಿಸಬೇಕು.

ಒಂದು ಎಚ್ಚರಿಕೆ. ತುಂಬುತ್ತ ಬಂದಂತೆ ಬ್ಯಾಟರಿಯಿಂದ ಜಲಜನಕ ಹೊಮ್ಮುತ್ತದೆ. ಒಂದು ಕಿಡಿ ಸಾಕು, ಸಿಡಿಯುತ್ತದೆ. ಗಾಳಿಯಾಡುವ ಕಡೆ ಇಡಿ. ಬೀಡಿ, ದೇವರ ದೀಪ ಯಾವುದೂ ಹತ್ತಿರ ಬೇಡ. ಕೆಂಪು ಹಿಡಿಕೆ ಧನಕ್ಕೆ, ಕಪ್ಪು ಋಣಕ್ಕೆ ಸೇರಿದ ಮೇಲೆಯೇ ಸ್ವಿಚ್ ಹಾಕಬೇಕು. ಬಿಚ್ಚುವಾಗ ಮೊದಲು ಸ್ವಿಚ್ ಆರಿಸಬೇಕು. ದ್ರವ ತಗ್ಗಿದ್ದರೆ ಬಟ್ಟಿಯಿಳಿಸಿದ ನೀರು ಮಾತ್ರ; ಕಪಿಲೆಯ ತೀರ್ಥವೂ ಸಲ್ಲದು.

ನರಸೀಪುರದ ಸಂಗಮ ದಾಟಿದ ನೀರು ಶಿವನಸಮುದ್ರದಲ್ಲಿ ೧೯೦೨ರಷ್ಟು ಹಿಂದೆಯೇ ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಹರಿಯುವ ವಿದ್ಯುತ್ತಿಗೆ ಕ್ಷಣ ಸಾಕು. ತುಂಬಿಕೊಳ್ಳುವ ವಿದ್ಯುತ್ತಿಗೆ ಹೊತ್ತು ಬೇಕು. ನಾನು ಇವೆರಡನ್ನೂ ಒಂದೆಂದು ಬಗೆದಿದ್ದೆ. ಆವೇಶ ತುಂಬುವ ಕೆಲಸಕ್ಕೆ ಆವೇಶವೇ ಶತ್ರು.

ಮುಂದಿನ ಸರದಿಗೆ ಎರಡು ದಿನ ಮೊದಲೇ ಚಾರ್ಜರ್ ಹಚ್ಚಿದೆ. ಮೊಡ್ಡ ಮೊಳೆಗೆ ನೇತುಹಾಕಿದ ಕ್ಯಾಲೆಂಡರಿನ ಬೆನ್ನಿಗೆ ಗಂಟೆಗೊಮ್ಮೆ ಮುಳ್ಳಿನ ಅಂಕಿ ಬರೆದೆ. ಹದಿನಾರು ಅಂಕಿಗಳಾದವು. ಹೊರಡುವ ಹಿಂದಿನ ರಾತ್ರಿ ಅಕ್ಕನ ಮನೆಯಲ್ಲೇ ತಂಗಿದೆ. ಬೆಳಗ್ಗೆ ಕಾರು ಒಂದೇ ತಿರುವಿಗೆ ಎಚ್ಚೆತ್ತಿತು. ಎಂಟೂಕಾಲಿಗೆಲ್ಲ ನಾವು ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಹೊಸ ಕನ್ನಡಕ ಬಂದ ಸಂಜೆ ಅಕ್ಕ ಭಾರತವನ್ನು ಬಿಚ್ಚಿ, ಗುರುತಿಗೆಂದು ಇಟ್ಟಿದ್ದ ಒಣಗಿದ ತುಳಸಿಯೆಲೆಯನ್ನು ಎತ್ತಿ, ನಿಂತಲ್ಲಿಂದ ಮುಂದಕ್ಕೆ ಓದಿದಳು.